ಭಟ್ಟಿಯ ಮೇಲೆ ಕುಳಿತ ಅಕ್ಕ

ನಾನು ಚಿಕ್ಕವಳಿದ್ದಾಗ ಹಿರೇಕೆರೂರ ಸೀಮೆಯ ನಮ್ಮ ಹಳ್ಳಿಯಲ್ಲಿ ಮಳೆಗಾಲದ ಗಾಳಿಯೇ ಬೇರೆ, ಚಳಿಗಾಲದ ಗಾಳಿಯೇ ಬೇರೆ. ಊರಿನ ಪಡುವಣಕ್ಕೆ ಗುಡ್ಡ, ಮೂಡಣಕ್ಕೆ ಕೆರೆ, ನಡುವಿನ ತಗ್ಗಿನಲ್ಲಿ ನಾವು. ಮಳೆಗಾಲದಲ್ಲಿ ಗುಡ್ಡದ ಕಡೆಯಿಂದ ಜೋರಾಗಿ ಬೀಸುವ ಗಾಳಿ ಒಲೆಗಳ ಹೊಗೆಯನ್ನೆಲ್ಲ ಕೆರೆಯಾಚೆ ಒಯ್ದುಬಿಡುತ್ತಿತ್ತು. ಹಸಿಮಣ್ಣಿನ ಕಂಪಷ್ಟೇ ಉಳಿಯುತ್ತಿತ್ತು. ಚಳಿ ಬಿದ್ದಿತೆಂದರೆ ಗಾಳಿ ತಿರುಗುತ್ತಿತ್ತು. ಕೆರೆಯ ಕಡೆಯಿಂದ ಮೆಲ್ಲಗೆ ಬರುವ ಮೂಡಗಾಳಿಗೆ ಗುಡ್ಡ ಹತ್ತುವ ಕಸುವಿರಲಿಲ್ಲ. ಅದು ಹೊತ್ತು ತಂದದ್ದೆಲ್ಲ ನಮ್ಮ ತಗ್ಗಿನಲ್ಲೇ ಕೂತುಬಿಡುತ್ತಿತ್ತು.

ಅದು ತರುತ್ತಿದ್ದುದು ನಮ್ಮಪ್ಪನ ಇಟ್ಟಂಗಿ ಭಟ್ಟಿಯ ಹೊಗೆಯನ್ನು. ಕೆರೆಯಂಗಳದ ಮಣ್ಣು ಒಳ್ಳೆಯದು, ನೀರೂ ಹತ್ತಿರ. ಸುಗ್ಗಿ ಮುಗಿದ ಮೇಲೆ ಅಪ್ಪ ಅಲ್ಲಿ ಹಸಿ ಇಟ್ಟಂಗಿ ಒಟ್ಟಿಸಿ, ನಡುನಡುವೆ ಕಟ್ಟಿಗೆ, ಭತ್ತದ ಹೊಟ್ಟು ತುಂಬಿ ಬೆಂಕಿ ಇಡುತ್ತಿದ್ದ. ಅದು ದಿನಗಟ್ಟಲೆ ಒಳಗೊಳಗೇ ಬೇಯುತ್ತಿತ್ತು. ಬೆಳಿಗ್ಗೆ ಎದ್ದರೆ ನಾಲಿಗೆಯೆಲ್ಲ ಕಹಿ. ಒಣಹಾಕಿದ ಸೀರೆಗಳ ಮೇಲೆ ಬೂದಿ. ಓಣಿಯ ಕೂಸುಗಳಿಗೆಲ್ಲ ಕೆಮ್ಮು. ಅಕ್ಕನಿಗಂತೂ ದಮ್ಮು. ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಅವಳ ಎದೆಯ ಸಿಳ್ಳೆ ಪಕ್ಕದಲ್ಲಿ ಮಲಗಿದ ನನಗೂ ಕೇಳುತ್ತಿತ್ತು.

ಅಪ್ಪ ಕೆಟ್ಟವನಲ್ಲ. ಅಕ್ಕನನ್ನು ಹಾನಗಲ್ಲಿನ ಡಾಕ್ಟರಿಗೂ ತೋರಿಸಿದ್ದ. ಆದರೆ ಹೊಗೆಯ ಮಾತೆತ್ತಿದರೆ, "ಹೊಗಿ ಮ್ಯಾಲ ಹೊಕ್ಕೇತಿ. ಇದು ಥಂಡಿ, ಅಷ್ಟ" ಎಂದು ಮುಖ ತಿರುಗಿಸುತ್ತಿದ್ದ.

ಒಂದು ಚಳಿಗಾಲ, ಮೊದಲ ಭಟ್ಟಿ ಇನ್ನೂ ಹೊಗೆಯಾಡುತ್ತಿರುವಾಗಲೇ ಅದರ ಪಕ್ಕ ಎರಡನೆಯದು ಎದ್ದಿತು. ಬೆಂಕಿ ಇಡುವ ದಿನ ಬೆಳಗಾಗುತ್ತಲೇ ಅಪ್ಪ ಕಾಯಿ, ಊದಿನಕಡ್ಡಿ ಹಿಡಿದು ಹೊರಟ. ಅವನ ಹಿಂದೆ ನಾನೂ ಹೋದೆ. ನೋಡಿದರೆ ಹೊಸ ಭಟ್ಟಿಯ ನೆತ್ತಿಯ ಮೇಲೆ ಅಕ್ಕ ಕೌದಿ ಹೊದ್ದು ಕೂತಿದ್ದಳು.

"ಇಳಿ ಕೆಳಗ," ಅಂದ ಅಪ್ಪ.

"ಇಳಿಯಂಗಿಲ್ಲ. ಇಲ್ಲಿ ನನಗ ಉಸಿರು ಚಲೋ ಆಡತೇತಿ. ಮನ್ಯಾಗ ಆಡಂಗಿಲ್ಲ," ಅಂದಳು ಅಕ್ಕ. "ನೀ ದಿನಾ ಇಲ್ಲೇ ನಿಂದರತಿ, ಅದಕ್ಕ ನಿನಗ ಗೊತ್ತಾಗಂಗಿಲ್ಲ. ಗುಡ್ಡ ಹತ್ತಿ ನೋಡಿ ಬಾ. ಆಮ್ಯಾಲ ಹೇಳು."

ಅವಳ ಮಾತು ನಿಜವಾಗಿತ್ತು. ಹೊಗೆಯೆಲ್ಲ ಊರ ಕಡೆ ಹೋಗುತ್ತಿದ್ದುದರಿಂದ ಭಟ್ಟಿಯ ಹತ್ತಿರ ಗಾಳಿ ತಿಳಿಯಾಗಿತ್ತು. ಕೆಲಸದವರ ಎದುರು ಮಗಳು ಹೀಗೆ ಮಾತಾಡಿದ್ದಕ್ಕೆ ಅಪ್ಪನ ಮುಖ ಕೆಂಪಾಯಿತು. ಗುಡ್ಡದ ಕಡೆ ಬಿರಬಿರನೆ ನಡೆದ. ನಾನೂ ಬೆನ್ನು ಹತ್ತಿದೆ. ಊರು ದಾಟುವಾಗ ಕಣ್ಣು ಉರಿದವು, ಗಂಟಲು ಕೆರೆಯಿತು. ಗುಡ್ಡ ಅರ್ಧ ಏರಿದ ಮೇಲೆ ಒಮ್ಮೆಲೇ ಬಿಸಿಲು, ಹುಲ್ಲಿನ ವಾಸನೆ, ನೀಲಿ ಆಕಾಶ.

ಮೇಲೆ ನಿಂತು ತಿರುಗಿ ನೋಡಿದರೆ ನಮ್ಮೂರು ಇರಲಿಲ್ಲ. ಭಟ್ಟಿಯಿಂದ ಹೊರಟ ಹೊಗೆ ಮೇಲೆ ಏರದೆ, ಚೆಲ್ಲಿದ ಮಜ್ಜಿಗೆಯಂತೆ ನೆಲ ಹಿಡಿದು ಹರಿದು ಬಂದು, ಗುಡ್ಡದ ಬುಡಕ್ಕೆ ತಾಗಿ ನಿಂತಿತ್ತು. ಗುಡಿಯ ಶಿಖರವೊಂದು, ಹುಣಸೆಮರದ ತುದಿಯೊಂದು ಅದರಿಂದ ಹೊರಗೆ ಇಣುಕುತ್ತಿದ್ದವು.

ಅಪ್ಪ ಕೇಳಿದ, "ನಮ್ಮ ಮನಿ ಎಲ್ಲೈತಿ?"

ಹುಣಸೆಮರದ ಗುರುತು ಹಿಡಿದು ಬೆರಳು ತೋರಿಸಿದೆ. ಅಲ್ಲಿ ಬೂದುಬಣ್ಣ ಬಿಟ್ಟರೆ ಏನೂ ಇರಲಿಲ್ಲ.

ನಾವು ಮರಳುವಷ್ಟರಲ್ಲಿ ಅವ್ವ ರೊಟ್ಟಿಬುಟ್ಟಿ ತಂದು ಭಟ್ಟಿಯ ಬುಡಕ್ಕೆ ಕೂತಿದ್ದಳು. ಓಣಿಯ ಹೆಂಗಸರೂ ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದರು. ಅಪ್ಪ ಅವ್ವನ ಎದುರು ನಿಂತು ಮೆತ್ತಗೆ, "ಇದೊಂದ್ ಸಲ ಹಚ್ಚತೇನಿ. ಒಟ್ಟಿದ್ದು ಹಾಳಾಕ್ಕೇತಿ," ಅಂದ.

ಅವ್ವ ಅಪ್ಪನಿಗೆ ಎದುರಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಅಂದು ತಲೆ ಎತ್ತಿ ಅಂದಳು, "ಆಕಿ ಇಳಿದ್ರ ನಾ ಹತ್ತತೇನ್ರಿ."

ನಾನು ಆಗಲೇ ಹತ್ತಿ ಅಕ್ಕನ ಪಕ್ಕ ಕೂತಿದ್ದೆ. ಅವಳ ಕೌದಿಯ ತುದಿಯನ್ನು ನನ್ನ ಮೇಲೂ ಎಳೆದುಕೊಂಡೆ, ಇಳಿಯಲಿಲ್ಲ.

ಆ ಭಟ್ಟಿಗೆ ಬೆಂಕಿ ಬೀಳಲಿಲ್ಲ. ಅಪ್ಪ ಇಟ್ಟಂಗಿಗಳನ್ನು ಚಕ್ಕಡಿಯಲ್ಲಿ ಗುಡ್ಡದ ಆಚೆ, ಮನೆಗಳಿಲ್ಲದ ಬಯಲಿಗೆ ಸಾಗಿಸಿದ. ಅರ್ಧಕ್ಕರ್ಧ ದಾರಿಯಲ್ಲೇ ಒಡೆದವು. ಉಳಿದವನ್ನು ಅಲ್ಲೇ ಒಟ್ಟಿ ಬೆಂಕಿ ಇಟ್ಟ. ಅಲ್ಲಿಯ ಹೊಗೆ ಗುಡ್ಡ ದಾಟಿ ಊರಿಗೆ ಬರಲಿಲ್ಲ. ಅಕ್ಕನ ದಮ್ಮು ಪೂರ್ತಿ ಹೋಗಲಿಲ್ಲ. ಆದರೆ ಆ ಚಳಿಗಾಲ ಮುಗಿಯುವುದರೊಳಗೆ ಅವಳು ನೆಲಕ್ಕೆ ಬೆನ್ನು ಹಚ್ಚಿ ಮಲಗಿದಳು. ಅವಳು ಮಲಗಿದ್ದನ್ನು ಅಪ್ಪ ಬಾಗಿಲಲ್ಲಿ ನಿಂತು ನೋಡಿದ್ದು ನನಗೆ ನೆನಪಿದೆ.

ಈಗ ನಾನು ಶಿಗ್ಗಾಂವಿಯಲ್ಲಿ ಮೊಮ್ಮಕ್ಕಳಾದ ನಿಮ್ಮ ಜೊತೆ ಇದ್ದೇನೆ. ಹೆದ್ದಾರಿಯ ಲಾರಿಗಳ ಧೂಳು, ಹೊಗೆ ಇಲ್ಲಿಯೂ ಚಳಿಗಾಲದಲ್ಲಿ ಕೆಳಗೇ ಕೂರುತ್ತವೆ. ಗಾಳಿ ಹೇಗಿದೆಯೆಂದು ನಿಮಗೆ ಫೋನೇ ಬಣ್ಣ ತೋರಿಸಿ ಹೇಳುತ್ತದೆ. ಒಳ್ಳೆಯದೇ. ಆದರೆ ಫೋನು ಹೇಳೀತೇ ಹೊರತು ಹೋಗಿ ಜಗಳ ಮಾಡಲಾರದು. ಮೊನ್ನೆ ಹಿಂದಿನ ಖಾಲಿ ಜಾಗದಲ್ಲಿ ಯಾರೋ ಪ್ಲಾಸ್ಟಿಕ್ ಕಸ ಸುಟ್ಟಾಗ ನೀವು ಕಿಟಕಿ ಮುಚ್ಚಲು ಓಡಿದಿರಿ. ಮುಚ್ಚಿರಿ, ಬೇಡ ಅನ್ನುವುದಿಲ್ಲ. ಮುಚ್ಚಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬನ್ನಿ. ಸುಟ್ಟವರನ್ನು ಹೋಗಿ ಕೇಳೋಣ. ನನಗೆ ಮೊಣಕಾಲು ನೋವು, ಸ್ವಲ್ಪ ಮೆಲ್ಲಗೆ ನಡೆಯಿರಿ. ಆದರೆ ನಾನು ಬಂದೇ ಬರುತ್ತೇನೆ.