ಅಕ್ಕಿಯ ಮೇಲೊಂದು ಅಪವಾದ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ವಕೀಲಿಕೆಗೆ ಇದು ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವರೇ, ಪಕ್ಕದ ಮನೆಯವರ ಜೊತೆ ಜಗಳವಾದರೆ ಮೊದಲು ಬಂದು ನನ್ನ ಮನೆಯ ಬೆಲ್ ಒತ್ತುತ್ತಾರೆ. ಆ ಬೆಳಿಗ್ಗೆ ಬೆಲ್ ಒತ್ತಿದವರು ಬೆಂಗಳೂರಿನ ಅಂಚಿನ ಕೋಗಿಲಿನ ನಮ್ಮ ಬೀದಿಯ ತಿರುವಿನಲ್ಲಿ ಅಕ್ಕಿ ಅಂಗಡಿ ಇಟ್ಟಿರುವ ಹೆಂಗಸು. ಗಾರ್ಮೆಂಟ್ಸ್ ಕೆಲಸ ಬಿಟ್ಟು, ಕಿವಿಯ ಓಲೆ ಮಾರಿ ಶುರು ಮಾಡಿದ ಅಂಗಡಿ ಅದು. ಫೋನನ್ನು ನನ್ನ ಮುಖಕ್ಕೇ ಹಿಡಿದರು.

"ನೋಡಿ ಮೇಡಂ, ನಂದು ಪ್ಲಾಸ್ಟಿಕ್ ಅಕ್ಕಿ ಅಂತ ಹಾಕಿದಾರೆ. ಒಬ್ರೂ ಅಂಗ್ಡಿ ಕಡೆ ತಲೆ ಹಾಕ್ತಿಲ್ಲ. ಹಿಂಗೇ ಆದ್ರೆ ಅಂಗ್ಡಿ ಬಾಗ್ಲು ಮುಚ್ಬೇಕು, ಅಷ್ಟೇ."

'ಕೋಗಿಲು ಅಂಗಡಿಯ ಅಕ್ಕಿಗೆ ರೋಗ, ಮಕ್ಕಳಿಗೆ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಬೆರೆಸಿದ್ದಾರೆ, ಎಲ್ಲರಿಗೂ ಕಳಿಸಿ' ಎಂದಿತ್ತು. ಕೆಳಗೆ ಯಾವುದೋ ಊರಿನ ಗೋದಾಮಿನ ಫೋಟೋ. ನನ್ನ ಮೈಯೆಲ್ಲ ಉರಿದುಹೋಯಿತು. ಮಾನನಷ್ಟದ ನೋಟಿಸನ್ನೂ ಪೊಲೀಸ್ ದೂರನ್ನೂ ನಿಂತಲ್ಲೇ ಮನಸ್ಸಿನಲ್ಲಿ ಬರೆದುಬಿಟ್ಟೆ.

ಆದರೆ ನಕಲು ಹಿಡಿದು ಕೋರ್ಟಿಗೆ ಹೋದರೆ ಮೊದಲು ಕೇಳುವುದು, ಮೂಲ ಎಲ್ಲಿ ಎಂದು. ನಾನೂ ಅದೇ ಜಾಡು ಹಿಡಿದೆ. ಅಂಗಡಿಯವರಿಗೆ ಕಳಿಸಿದ್ದು ವಿದ್ಯಾರಣ್ಯಪುರದ ಅವರ ನಾದಿನಿ. ಅಲ್ಲಿಂದ ಹಿಂದಕ್ಕೆ ಒಬ್ಬೊಬ್ಬರಿಗೇ ಫೋನು ಮಾಡುತ್ತಾ ಬಂದರೆ, ಫೋಟೋ ಅಂಟಿಸಿ ಪ್ಲಾಸ್ಟಿಕ್ ಸೇರಿಸಿದವರು ನಮ್ಮದೇ ಬಡಾವಣೆಯ ಒಬ್ಬ ಮಹಾಶಯರು!

"ನಾನೇನ್ ಸುಮ್ನೆ ಹೇಳ್ತೀನೇನ್ರೀ? ಲೇಡೀಸ್ ಗ್ರೂಪಲ್ಲಿ ವಾಯ್ಸ್ ಬಂದಿತ್ತು, ನಮ್ಮನೆಯವ್ರು ಕೇಳಿಸಿದ್ರು" ಎಂದು ರೇಗಿ, ಅದನ್ನೂ ಕಳಿಸಿದರು. ಅಂಗಡಿಯವರ ಎದುರೇ ಒತ್ತಿದೆ.

"ಅಂಗ್ಡಿ ಅಕ್ಕಿಗೆ ಅದೇನೋ ಕಾಯ್ಲೆ ಬಂದೈತೆ ಕಣ್ರವ್ವಾ. ಮಕ್ಳ ಕೈಲಿ ಮುಟ್ಟುಸ್ಬ್ಯಾಡಿ."

ಅದು ನನ್ನ ಅಮ್ಮನ ಧ್ವನಿ.

ಅಂಗಡಿಯವರು ನನ್ನ ಮುಖ ನೋಡಿದರು, ನಾನು ಅಡುಗೆಮನೆಯ ಬಾಗಿಲು ನೋಡಿದೆ. ಕೋಗಿಲು ಇನ್ನೂ ಹಳ್ಳಿಯಾಗಿದ್ದಾಗ ಹುಟ್ಟಿ ಬೆಳೆದ ನಮ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಊಂ, ನಾನೇ ಯೋಳಿದ್ದು. ನಿನ್ ಅಂಗ್ಡಿ ಮುಂದೆ ಪಂಜರದಾಗೆ ಐತಲ್ಲ ಅಸ್ರು ಅಕ್ಕಿ, ತೂಕಡುಸ್ಕಂಡು ಕುಂತಿತ್ತು. ಈಗೆಂಗೈತೆ?"

ನಮ್ಮೂರ ಹಳಬರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಅನ್ನ ಮಾಡುವುದೂ ಅಕ್ಕಿಯೇ, ಪಂಜರದಲ್ಲಿ ಚಿಲಿಪಿಲಿ ಅನ್ನುವುದೂ ಅಕ್ಕಿಯೇ. ಅಂಗಡಿಯವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಶುರುವಾದ ನಗು, ಅಳುವೋ ನಗುವೋ ಗೊತ್ತಾಗದ ಹಾಗೆ, ನನ್ನನ್ನೂ ಹಿಡಿದುಕೊಂಡಿತು. ಸುದ್ದಿಗೆ ರೆಕ್ಕೆಪುಕ್ಕ ಕಟ್ಟುವವರನ್ನು ಕಂಡಿದ್ದೆ. ಈ ಮಹಾಶಯರು ಇದ್ದ ರೆಕ್ಕೆಪುಕ್ಕವನ್ನೇ ಕಿತ್ತು ಸುದ್ದಿ ಮಾಡಿದ್ದರು.

"ಹಂಗಾದ್ರೆ ನೋಟಿಸು ಯಾರಿಗೆ ಮೇಡಂ, ಅಮ್ಮಂಗಾ?" ಎಂದು ಕೇಳಿದರು ಕಣ್ಣೊರೆಸಿಕೊಳ್ಳುತ್ತಾ.

ಕಂಡದ್ದನ್ನು ಕಂಡ ಹಾಗೆ ಹೇಳಿದವರ ಮೇಲೆ ಕಾನೂನಿಗೆ ಕೆಲಸವಿಲ್ಲ. ಎಲ್ಲಿಯದೋ ಫೋಟೋ ಎಂದು ಗೊತ್ತಿದ್ದೂ ಅಂಟಿಸಿದವರ ಮೇಲೆ ಇದೆ. ನೋಟಿಸು ಮಹಾಶಯರಿಗೆ ಹೋಯಿತು. ಸುಳ್ಳು ಎಲ್ಲೆಲ್ಲಿಗೆ ಹೋಗಿದೆಯೋ ಅಲ್ಲಿಗೆಲ್ಲ ನಿಜವನ್ನೂ ಅವರೇ ಕಳಿಸಬೇಕು ಎಂದಷ್ಟೇ ಕೇಳಿದ್ದೆ. ರೇಗಿದ್ದ ದನಿ ಬೆಣ್ಣೆಯಾಯಿತು, ಕ್ಷಮಾಪಣೆ ಗ್ರೂಪಿಗೆ ಬಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಅದನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಆದರೆ ಅದರ ಕೆಳಗೆ ಕೈ ಮುಗಿಯುವ ಚಿತ್ರಗಳು ಬಂದವೇ ಹೊರತು ಅಂಗಡಿಗೆ ಗಿರಾಕಿ ಬರಲಿಲ್ಲ. ಅಂಗಡಿಯವರು ಚೀಲಗಳ ನಡುವೆ ನೊಣ ಹೊಡೆಯುತ್ತಾ ಕೂತಿರುವುದನ್ನು ಮನೆಗೆ ಬಂದು ಅಮ್ಮನಿಗೆ ಹೇಳಿದೆ.

"ಕೊಡಿಲ್ಲಿ" ಎಂದು ಅಮ್ಮ ಫೋನು ಕಿತ್ತುಕೊಂಡಳು. "ಕೇಳ್ರವ್ವಾ, ನಾನ್ ಅವತ್ತು ಯೋಳಿದ್ದು ಅಕ್ಕಿ ಅಲ್ಲ, ಅಕ್ಕಿ!"

"ಹಕ್ಕಿ ಅನ್ನಮ್ಮ. ಹ, ಹ!"

"ಅದ್ನೇ ಅಲ್ವಾ ನಾನ್ ಅಂತಿರೋದು? ಅಕ್ಕಿ! ಆರೋ ಅಕ್ಕಿ!"

ಹಾರುವುದೂ ಆರಿಹೋಯಿತು. ನಾನು ಸೋಫಾದ ಮೇಲೆ ಬಿದ್ದು ನಗುತ್ತಿದ್ದೆ, ಅದೂ ರೆಕಾರ್ಡ್ ಆಗುತ್ತಿತ್ತು. ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. "ರೆಕ್ಕೆ ಇರೋದು ಕಣ್ರೀ! ಅದುಕ್ಕೆ ಕಾಯ್ಲೆ ಬಂದಿದ್ದು! ಬೇಯ್ಸೋದು ಚೆನ್ನಾಗೈತೆ, ಇವತ್ತೂ ಅದ್ನೇ ಉಂಡಿವ್ನಿ!" ಎಂದು ಕೂಗಿ, ನಾನು ತಡೆಯುವಷ್ಟರಲ್ಲಿ ಕಳಿಸಿಯೇಬಿಟ್ಟಳು.

ಅದು ಮತ್ತಿಕೆರೆ, ಹೆಬ್ಬಾಳ ಎಲ್ಲ ಸುತ್ತಿ, ಸಂಜೆ ನನ್ನ ಜೂನಿಯರ್ ಫೋನಿನಿಂದ ನನಗೇ ವಾಪಸ್ ಬಂತು.

ಮಾರನೆಯ ಬೆಳಿಗ್ಗೆ ಅಂಗಡಿಗೆ ಹೋದೆ. ನೋಟಿಸು ಕೊಟ್ಟದ್ದು, ಮುಂದೆ ಬೇಕಾದರೆ ಕೇಸು ಹಾಕುವುದು, ಎಲ್ಲವನ್ನೂ ಅವರಿಗೆ ಬಿಡಿಸಿ ಹೇಳಬೇಕೆಂದಿದ್ದೆ. ಬಾಯಿ ತೆರೆದೆ. ಅವರು ತಕ್ಕಡಿಯಿಂದ ತಲೆ ಎತ್ತದೆ ಹೇಳಿದರು:

"ಮೇಡಂ, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ. ಗಿರಾಕಿ ಇದಾರೆ."