ಸುಂದರಣ್ಣ ಕಿವಿಗೊಡದ ಕ್ಯಾಸೆಟ್ಟುಗಳು

"ಟೀಚರೇ, ನಿಮ್ಮ ಕ್ಯಾಸೆಟ್ಟನ್ನು ಸರಿ ಮಾಡಿ ಕೊಡುತ್ತೇನೆ, ಆದರೆ ಕೇಳುವುದಿಲ್ಲ. ನಿಮ್ಮದು ಮಾತ್ರ ಅಲ್ಲ, ಯಾರದ್ದನ್ನೂ ಕೇಳುವುದಿಲ್ಲ. ದೈವದಾಣೆ."

ಇದು ಉಚ್ಚಿಲದ ಸುಂದರಣ್ಣ 1977ರಲ್ಲಿ ಕೊಟ್ಟ ಮಾತು. ಕಾಪುವಿನ ನಳಿನಾಕ್ಷಿ ಟೀಚರು ಆಣೆ ಹಾಕಿಸಿಕೊಂಡದ್ದಕ್ಕೆ ಕಾರಣ ಉಂಟು. ಬಹರೈನಿನಲ್ಲಿದ್ದ ಅವರ ಗಂಡ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಒಮ್ಮೆ ಅದು ರಿಪೇರಿಗೆ ಹೋದ ಅಂಗಡಿಯಲ್ಲಿ ನಾಲ್ಕು ಜನ ಕೂತು ಕೇಳಿದರು. ಗಂಡ ಹೆಂಡತಿಯನ್ನು ಕರೆಯುವ ಮುದ್ದಿನ ಹೆಸರು ಮರುದಿನ ಬಸ್ಸಿನ ಹುಡುಗರ ಬಾಯಲ್ಲಿತ್ತು.

ಈಗ 1983ರ ಆಟಿ ತಿಂಗಳು, ಜಡಿಮಳೆಯ ಕಾಲ. ಬೆಳಕು ಹರಿಯುವ ಮೊದಲೇ ಸುಂದರಣ್ಣ ಜಗಲಿಯಲ್ಲಿ ಗೋಣಿ ಹಾಸಿ ಕೂತಿದ್ದಾರೆ. ಮುಂದೆ ಅರ್ಧ ಬ್ಲೇಡು, ಅಂಟುಪಟ್ಟಿ, ಹೆಂಡತಿ ಪ್ರಫುಲ್ಲಾ ಅವರ ಹೇರ್‌ಪಿನ್ನು. ಹಗಲೆಲ್ಲ ರೈಸ್ ಮಿಲ್ಲಿನಲ್ಲಿ ಭತ್ತ ಬೇಯಿಸುವ ಕೆಲಸ. ಬೆರಳುಗಳು ಸುಟ್ಟು ಗಟ್ಟಿಯಾಗಿವೆ. "ಇವುಗಳಿಗೆ ಬಿಸಿ ಗೊತ್ತಾಗುವುದಿಲ್ಲ. ಈ ಕ್ಯಾಸೆಟ್ಟಿನ ಪಟ್ಟಿಯಲ್ಲಿ ಒಂದು ಗೀರು ಇದ್ದರೆ ಮಾತ್ರ ಗೊತ್ತಾಗುತ್ತದೆ," ಎನ್ನುತ್ತಾರೆ.

ಮಳೆಗಾಲದಲ್ಲಿ ಊರಿನ ಕ್ಯಾಸೆಟ್ಟುಗಳಿಗೆಲ್ಲ ಬೂಷ್ಟು. ವಾರಕ್ಕೆ ಹತ್ತು ಹದಿನೈದು ಬರುತ್ತವೆ. ಕೂಲಿ ಕೇಳಿದವರಿಗೆ ಒಂದೇ ಉತ್ತರ: "ಖುಷಿಗೆ ಮಾಡುವುದಕ್ಕೆ ಕೂಲಿ ಎಂತದ್ದು ಮಾರಾಯ್ರೆ?" ಪ್ರಫುಲ್ಲಾ ಒಳಗಿನಿಂದಲೇ ಕುಟುಕುತ್ತಾರೆ: "ಮನೆಯ ಮಾಡು ಸೋರುವುದು ಇವರಿಗೆ ಕಾಣುವುದಿಲ್ಲ. ಅದನ್ನೂ ಒಂದು ಕ್ಯಾಸೆಟ್ಟಿಗೆ ಸುತ್ತಿ ಕೊಡಬೇಕೋ ಏನೋ!"

ಅವರ ಟೇಪ್‌ರೆಕಾರ್ಡರಿಗೆ ಸ್ವರ ಏರಿಸುವ ತಿರುಪು ಇಲ್ಲ; ಆಣೆ ಮಾಡಿದ ದಿನವೇ ಕಿತ್ತಿಟ್ಟದ್ದು. ಸುರುಳಿ ಸರಾಗವಾಗಿ ತಿರುಗಿದರೆ ಸರಿ, ಕೈಗೆ ಕೊಟ್ಟುಬಿಡುವುದು. ಮಿಲ್ಲಿನ ಜೊತೆಗಾರರು ಅವರಿಗೆ ಇಟ್ಟ ಹೆಸರು 'ಕಿವುಡ ಡಾಕ್ಟ್ರು'.

ಆ ಬೆಳಿಗ್ಗೆ ಅದೇ ಊರಿನ ವಾರಿಜಾ ಕೊಡೆಯೂ ಇಲ್ಲದೆ ಮಳೆಯಲ್ಲಿ ಓಡಿ ಬಂದಿದ್ದಾಳೆ. ಸೆರಗಿನೊಳಗೆ ಕ್ಯಾಸೆಟ್ಟು. ಗಂಡ ವಿಠಲ ಮಸ್ಕತ್ತಿನಿಂದ ಕಳಿಸಿದ್ದು. ನಡುವೆ ತುಂಡಾಗಿದ್ದದ್ದನ್ನು ಎರಡು ದಿನದ ಹಿಂದೆಯಷ್ಟೇ ಸುಂದರಣ್ಣ ಅಂಟಿಸಿ ಕೊಟ್ಟಿದ್ದರು.

"ನಿನ್ನೆ ಮನೆಯವರು, ನೆರೆಯವರು ಎಲ್ಲ ಕೂತು ಹಾಕಿದೆವು ಸುಂದರಣ್ಣ. ಮೊದಲು ಚಂದ ಮಾತಾಡಿದರು. ದನ ಕರು ಹಾಕಿತಾ ಕೇಳಿದರು. ಮತ್ತೆ ಒಮ್ಮೆಲೇ ಸ್ವರ ಬದಲಾಯಿತು! ಬಾವಿಯೊಳಗಿಂದ ಬಂದ ಹಾಗೆ. ತುಳುವೂ ಅಲ್ಲ, ಕನ್ನಡವೂ ಅಲ್ಲ. ಉಸಿರು ಒಳಗೆ ಎಳೆದುಕೊಂಡೇ ಮಾತಾಡುತ್ತಾರೆ."

"ಅರಬ್ಬಿ ಇರಬಹುದಾ?"

"ಕುವೈತಿನಲ್ಲಿದ್ದ ಮ್ಯಾಕ್ಸಿಮ್ ಅಣ್ಣನನ್ನು ಕರೆಸಿದೆವು. ಎರಡು ನಿಮಿಷ ಕೇಳಿ 'ಇದು ಅರಬ್ಬಿ ಅಲ್ಲ' ಎಂದವರು ಚಹಾ ಕೂಡ ಕುಡಿಯದೆ ಎದ್ದುಹೋದರು. ಅತ್ತೆ ಕೈಮುಗಿದು ನಿಂತುಬಿಟ್ಟಿದ್ದಾರೆ. ಈ ವರ್ಷ ತಂಬಿಲದ ಪೂಜೆ ಕೊಡಲಿಲ್ಲ, ಅದಕ್ಕೇ ದೈವ ಅಲ್ಲಿಯೇ ಮಗನ ಮೈಮೇಲೆ ಬಂದಿದೆ ಅಂತ."

ಪೋಸ್ಟ್ ಆಫೀಸು ತೆರೆದ ಕೂಡಲೇ ಮೈದುನ ಅಣ್ಣನನ್ನು ಕರೆಸಲು ಸುಳ್ಳು ಟೆಲಿಗ್ರಾಂ ಕೊಡುವವನಿದ್ದಾನೆ: ಅಮ್ಮ ಸೀರಿಯಸ್, ಹೊರಟು ಬಾ. ಕರಾರು ಮುಗಿಯುವ ಮೊದಲು ಬಂದವರನ್ನು ಆ ಕಂಪೆನಿ ಮತ್ತೆ ಸೇರಿಸಿಕೊಳ್ಳುವುದಿಲ್ಲ. ಬಂದರೆ ವಿಠಲನ ಕೆಲಸ ಹೋದಂತೆಯೇ.

ಸುಂದರಣ್ಣ ಸುರುಳಿ ತಿರುಗಿಸಿ ನೋಡುತ್ತಾರೆ. ಸರಾಗ. ಕಣ್ಣಿಗೆ ತಪ್ಪು ಸಿಗುವುದಿಲ್ಲ.

"ಕೇಳಿ ನೋಡಿ. ನಾನೇ ಹೇಳುತ್ತಿದ್ದೇನಲ್ಲ?"

"ಮಾತು ಕೊಟ್ಟದ್ದು ನಿನಗಲ್ಲ ಮಗಾ."

ಪ್ರಫುಲ್ಲಾ ಹೊರಗೆ ಬಂದವರು ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾರೆ. "ನಿಮ್ಮ ಆಣೆ ಕೇಳಿಸಿದ ದೈವಕ್ಕೆ ಈ ಹೆಣ್ಣು ಅಳುವುದು ಕೇಳುವುದಿಲ್ವಾ?"

ಸುಂದರಣ್ಣ ಇಕ್ಕಳ ತಂದು, ತಿರುಪು ಕಿತ್ತ ಜಾಗದ ಕಡ್ಡಿಯನ್ನು ಹಿಡಿದು ತಿರುಗಿಸುತ್ತಾರೆ.

ಸ್ವರ ಬರುತ್ತದೆ. ವಿಠಲನೇ ಹೌದು, ಆದರೆ ಮನುಷ್ಯನ ಮಾತಲ್ಲ. ಮರುಕ್ಷಣ ಸುಂದರಣ್ಣ ಕ್ಯಾಸೆಟ್ಟು ತೆಗೆದು, ಹೇರ್‌ಪಿನ್ನಿನಿಂದ ಪಟ್ಟಿ ಎಳೆದು, ಅಂಟಿಸಿದ ಜಾಗವನ್ನು ಬೆಳಕಿಗೆ ಹಿಡಿಯುತ್ತಾರೆ.

"ದೈವವೂ ಇಲ್ಲ, ಎಂತದ್ದೂ ಇಲ್ಲ. ನನ್ನದೇ ಕೈ ಮಾರಾಯ್ತಿ! ಪಟ್ಟಿಯನ್ನು ಮಗುಚಿ ಅಂಟಿಸಿದ್ದೇನೆ. ಕ್ಯಾಸೆಟ್ಟಿನ ಆಚೆ ಬದಿಯ ಮಾತು ಈ ಬದಿಯಲ್ಲಿ ಕೊನೆಯಿಂದ ಮೊದಲಿಗೆ ಓಡುತ್ತಾ ಉಂಟು."

ಒಮ್ಮೆ ಕೇಳಿದ್ದರೆ ಅಂದೇ ಗೊತ್ತಾಗುತ್ತಿತ್ತು. ಆರು ವರ್ಷದಲ್ಲಿ ಇಂಥವು ಇನ್ನೆಷ್ಟು ಮನೆಗೆ ಹೋಗಿವೆಯೋ, ಯಾರು ಯಾರು ಯಾವ ದೈವಕ್ಕೆ ಹರಕೆ ಹೊತ್ತರೋ ಎಂದು ಅವರು ಹಣೆ ಚಚ್ಚಿಕೊಳ್ಳುತ್ತಾರೆ.

ಕತ್ತರಿಸಿ, ನೇರ ಮಾಡಿ, ಮತ್ತೆ ಅಂಟಿಸುತ್ತಾರೆ. ಈ ಸಲ ವಿಠಲ ಸ್ವಚ್ಛ ತುಳುವಿನಲ್ಲಿ ತಾಯಿಯನ್ನು ಕೇಳುತ್ತಾನೆ: "ಅಮ್ಮಾ, ನಾನು ಹೊಯ್ದ ನೀರುದೋಸೆ ಕಾವಲಿಯಿಂದ ಏಳುವುದೇ ಇಲ್ಲ. ಎಂತ ಮಾಡುವುದು?"

ವಾರಿಜಾ ನಗುತ್ತಾಳೋ ಅಳುತ್ತಾಳೋ ತಿಳಿಯುವುದಿಲ್ಲ. ಕ್ಯಾಸೆಟ್ಟು ಹಿಡಿದು ಮನೆಗಲ್ಲ, ನೇರ ಪೋಸ್ಟ್ ಆಫೀಸಿಗೆ ಓಡುತ್ತಾಳೆ. ಮೈದುನ ಬಾಗಿಲಲ್ಲೇ ಸಿಗುತ್ತಾನೆ. ಟೆಲಿಗ್ರಾಂ ಹೋಗುವುದಿಲ್ಲ.

ಅಂದಿನಿಂದ ಸುಂದರಣ್ಣ ಅಂಟಿಸಿದ ಜಾಗದ ನಾಲ್ಕು ಮಾತುಗಳನ್ನು ಕೇಳಿಯೇ ಕ್ಯಾಸೆಟ್ಟು ಕೊಡುತ್ತಾರೆ. ಭಾನುವಾರ ಕಾಪುವಿಗೆ ಹೋಗಿ ನಳಿನಾಕ್ಷಿ ಟೀಚರಿಗೆ ಹೇಳಿಯೂ ಬಂದಿದ್ದಾರೆ: "ನಿಮಗೆ ಕೊಟ್ಟ ಮಾತು ಮುರಿದೆ."