ನೀವು ಯಾವ ಮಂದಿ?

ಬಾಡಿಗೆ ಮನೆ ಕೇಳಿಕೊಂಡು ಬಂದವರಿಗೆ ನಮ್ಮ ಬೀದರದಲ್ಲಿ ಮೊದಲು ಒಂದು ತಂಬಿಗೆ ನೀರು ಕೊಡುತ್ತೇವೆ. ಅವರು ಅದನ್ನು ಕುಡಿದು ಕೆಳಗಿಡುವುದರೊಳಗೆ ಅವರ ಕುಲಗೋತ್ರವನ್ನು ಹೊರತೆಗೆದಿರುತ್ತೇವೆ. ಅದಕ್ಕೆ ಅಡ್ಡಹೆಸರೊಂದು ಸಾಕು. ಹಲಬರ್ಗೆ ಎಂದರೆ ಹಲಬರ್ಗಾದವರು, ಕಮಠಾಣೆ ಎಂದರೆ ಕಮಠಾಣದವರು. ಮುಂದೆ ಊರಲ್ಲಿ ಮನೆ ಯಾವ ಓಣಿ, ಹಬ್ಬಕ್ಕೇನು ಅಡುಗೆ ಎಂಬ ಎರಡು ಮುಗ್ಧ ಪ್ರಶ್ನೆಗಳು. ಜಾತಿ ಎಂಬ ಶಬ್ದವನ್ನು ನಾಲಿಗೆಗೆ ಸೋಂಕಿಸದೆಯೇ ಜಾತಿ ತಿಳಿಯುವ ಈ ವಿದ್ಯೆಯಲ್ಲಿ ನಾನು ಪಾರಂಗತನೆಂದೇ ನಂಬಿದ್ದೆ. ಭಾಲ್ಕಿ ಬಸ್ಸಿನಲ್ಲಿ ಪಕ್ಕದವರು ಟಿಕೀಟು ತೆಗೆಸುವಷ್ಟರಲ್ಲಿ ಔರಾದ ಕಡೆಯವರೋ ಅಲ್ಲವೋ ಹೇಳಬಲ್ಲೆನೆಂಬ ಜಂಬ ಬೇರೆ.

ಹೋದ ತಿಂಗಳು ನಮ್ಮ ಮೇಲಿನ ಕೋಣೆ ನೋಡಲು ರುವಾತಿ ಎಂಬ ನರ್ಸ್ ಬಂದಳು. ದೂರದ ಮಿಜೋರಾಮದವಳು. ಹಾಸ್ಟೆಲು ಮುಚ್ಚುತ್ತಿದೆ, ಭಾನುವಾರದೊಳಗೆ ಕೋಣೆ ಸಿಗದಿದ್ದರೆ ಕೆಲಸ ಬಿಟ್ಟು ಊರಿಗೆ ಹೋಗಬೇಕು ಎಂದು ಹಿಂದಿಯಲ್ಲಿ ಹೇಳಿದಳು. ಪದ್ಧತಿಯಂತೆ ಅಡ್ಡಹೆಸರು ಕೇಳಿದೆ, ಇಲ್ಲವೆಂದಳು. ಊರು ಕೇಳಿದೆ, ಹೇಳಿದಳು, ಅದರಿಂದ ನನಗೇನೂ ದಕ್ಕಲಿಲ್ಲ. ಅಷ್ಟರಲ್ಲಿ ಓಣಿಯವರು ತಮ್ಮ ತಮ್ಮ ಬಾಗಿಲಲ್ಲೇ ನಿಂತು ಆಕೆಯನ್ನು ನೇಪಾಳದವಳೆಂದು ತೀರ್ಮಾನಿಸಿಯಾಗಿತ್ತು. ನಾನು ಸೋತು, ನೀವು ಯಾವ ಮಂದಿ ಎಂದು ನೇರವಾಗಿಯೇ ಕೇಳಿಬಿಟ್ಟೆ.

ಮಿಜೋ ಎಂದವಳು, ನೀವು ಯಾವ ಮಂದಿ ಎಂದು ನನ್ನನ್ನೇ ಕೇಳಿದಳು. ಕನ್ನಡದವರು, ಆದರೆ ಬೆಂಗಳೂರು ಕಡೆಯ ಕನ್ನಡದವರಲ್ಲ, ಮೊದಲು ನಿಜಾಮರ ಸೀಮೆ, ಮನೆಯಲ್ಲಿ ಅರ್ಧ ಮರಾಠಿ ಎಂದು ನಾನು ವಿಸ್ತಾರವಾಗಿ ತೊಡಗಿದೆ. ಆಕೆ ಸಾವಧಾನದಿಂದ ಕೇಳಿ, ತಮ್ಮ ಕಡೆ ಗುಡ್ಡದಾಚೆಯ ಬಯಲಿನವರಿಗೆಲ್ಲ 'ವಾಯಿ' ಎಂಬುದೊಂದೇ ಹೆಸರು ಎಂದಳು. ವಾಯಿಗಳ ಮಾತು ಸಿಹಿ, ಕೆಲಸ ಮಾತ್ರ ಆಗುವುದಿಲ್ಲ, ಹುಷಾರಾಗಿರು ಎಂದು ತಾಯಿ ಹೇಳಿ ಕಳಿಸಿದ್ದಳಂತೆ.

ನನಗೆ ನಿಜಕ್ಕೂ ಸಿಟ್ಟು ಬಂತು. ಪಕ್ಕದ ಮನೆಯ ದಖನಿ ಮಾತಿನ ಕರೀಂಸಾಬರು, ಸಂತಪುರದ ನಮ್ಮ ಬೀಗರು, ನಾನು, ಎಲ್ಲರೂ ಒಂದೇ ರಾಶಿಯೇ? ಹೋಗಲಿ, ಮೂವತ್ತು ವರ್ಷದ ಹಿಂದೆ ಮದ್ರಾಸಿಗಳಿಗೆ ಕೋಣೆ ಕೊಡುವುದಿಲ್ಲವೆಂದು ನನ್ನನ್ನು ಮೆಟ್ಟಿಲಿಂದಲೇ ಕಳಿಸಿದ ಪುಣೆಯ ಆ ಮನೆಯೊಡತಿಯೂ ಇದೇ ರಾಶಿಯೇ? ನಾವೂ ನಿಮ್ಮಂತೆ ಜೋಳದ ರೊಟ್ಟಿಯವರೇ ಎಂದು ಎಷ್ಟು ಹೇಳಿದರೂ ಆಕೆ ನಂಬಿರಲಿಲ್ಲ. ಬೆಂಗಳೂರಿನ ಅಧಿಕಾರಿಯೊಬ್ಬರಂತೂ ಕನ್ನಡ ಬಹಳ ಬೇಗ ಕಲಿತಿದ್ದೀರಿ ಎಂದು ಮೆಚ್ಚಿಕೊಂಡಿದ್ದರು. ಒಂದೊಂದು ಊರಿನ ತಕ್ಕಡಿಯಲ್ಲಿ ನಾನು ಒಂದೊಂದು ಜನಾಂಗವಾದರೆ, ಓದುಗ ಮಹಾಶಯರೇ, ನಿಜವಾಗಿ ನಾನು ಯಾರು?

ಇಷ್ಟೆಲ್ಲ ಯೋಚಿಸುತ್ತಿದ್ದವನ ಬಾಯಿಂದ ಬಂದದ್ದು ಒಂದೇ ಮಾತು: ಮನೆಯಲ್ಲಿ ಕೇಳಿ ತಿಳಿಸುತ್ತೇನೆ.

"ನನಗೇನ್ ಕೇಳ್ತೀರಿ? ನಾ ಇಲ್ಲೇ ನಿಂತೇನಿ," ಎಂದಳು ಬಾಗಿಲಲ್ಲಿದ್ದ ನನ್ನ ಹೆಂಡತಿ. ರುವಾತಿಗೆ ಕನ್ನಡ ಬಾರದು. ನನ್ನ ಸಿಹಿ ಮಾತು ಮಾತ್ರ ಅರ್ಥವಾಗಿತ್ತು. ನಮಸ್ಕಾರ ಮಾಡಿ ಹೋದಳು.

ಮರುದಿನ ನಾಚಿಕೆ ತಡೆಯದೆ ಫೋನು ಮಾಡಿದೆ. ಹಳೇ ಊರಿನ ಅಜ್ಜಿಯೊಬ್ಬಳ ಮನೆಯಲ್ಲಿ ಕೋಣೆ ಸಿಕ್ಕಿತ್ತು. ಅಜ್ಜಿ ಏನು ಕೇಳಿದಳೆಂದೆ. ದಿನಕ್ಕೆ ಎಷ್ಟು ಕೊಡ ನೀರು ಬೇಕು ಎಂದಷ್ಟೇ ಕೇಳಿದಳಂತೆ.

ಅದನ್ನು ಹೆಂಡತಿಗೆ ಹೇಳಿದೆ. ಆಕೆ ಸೊಪ್ಪು ಸೋಸುತ್ತಲೇ ಅಂದಳು: "ಕೇಳಬೇಕಾದ್ದು ಅದೊಂದೇ ಇತ್ತು ನೋಡ್ರಿ. ನಮ್ಮ ಬೋರಿನ್ಯಾಗ ನೀರಿಲ್ಲ. ಇಷ್ಟು ಮಂದಿ ಬಂದು ಹೋದ್ರು, ಒಬ್ಬರಿಗರ ಅದು ಕೇಳೀರೇನು?"